ಸ್ಟಾನ್: ಪುಕ್ಕಟೆ ಸಿಗುತ್ತದೆ, ಗೊಣಗುತ್ತದೆ, ಆದರೂ ಬಿಡಲಾರೆ

ಡೆಂಗಿ ಹರಡುವ ಲೆಕ್ಕದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ನಾಲ್ಕನೇ ವರ್ಷ. ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ನನ್ನ ಲ್ಯಾಬ್ ಅಂದರೆ ಅಡಿಕೆ ಸುಲಿಯುವ ಜಗಲಿ ಮತ್ತು 8 ಜಿಬಿಯ ಹಳೆ ಲ್ಯಾಪ್‌ಟಾಪ್. ಅದರಲ್ಲಿ ಓಡುವುದು ಸ್ಟಾನ್. ಬೇಸಿಯನ್ ರೀತಿಯಲ್ಲಿ ಅಂದಾಜು ಲೆಕ್ಕ ಹಾಕುವ, 2012ರಲ್ಲಿ ಬಂದ ಸಾಫ್ಟ್‌ವೇರ್, ಗಣಿತಜ್ಞ ಸ್ಟಾನಿಸ್ಲಾವ್ ಉಲಾಂ ಅವರ ಹೆಸರಿಟ್ಟದ್ದು.

ಬೇಸಿಯನ್ ಅಂದರೇನು ಅಂತ ಅಪ್ಪ ಕೇಳಿದಾಗ ಚೇಣಿಯವರ, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರ, ಉದಾಹರಣೆ ಕೊಟ್ಟೆ. ಅವರು ಗೊನೆ ನೋಡಿ, ಇಷ್ಟು ಕ್ವಿಂಟಾಲ್ ಬರಬಹುದು ಅಂತ ಅಂದಾಜು ಇಟ್ಟುಕೊಳ್ಳುತ್ತಾರೆ. ಮೊದಲ ಕೊಯ್ಲು ಆದ ಮೇಲೆ ತಿದ್ದುತ್ತಾರೆ. ಮೊದಲಿನದು ಪ್ರಯರ್, ತಿದ್ದಿದ್ದು ಪೋಸ್ಟೀರಿಯರ್. "ಇಷ್ಟಕ್ಕೆ ನಾಲ್ಕು ವರ್ಷವಾ?" ಅಂದರು.

ಕಷ್ಟ ಇರುವುದು ಬೇರೆ ಕಡೆ. ಡೆಂಗಿ ತಗುಲಿದ ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಜ್ವರ ಬಂದವರೂ ಎಲ್ಲ ಆಸ್ಪತ್ರೆಗೆ ಹೋಗುವುದಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಂತು ಎಷ್ಟು ಸೊಳ್ಳೆ ಹುಟ್ಟಿತು ಅಂತ ಯಾರು ಬರೆದಿಡುತ್ತಾರೆ? ವಾರದ ಪಟ್ಟಿಯಲ್ಲಿ ಕಾಣುವ ನಾಲ್ಕಾರು ಕೇಸುಗಳಿಂದ ಕಾಣದ್ದನ್ನು ಅಂದಾಜು ಮಾಡಬೇಕು. ಆ ಅಂದಾಜು ಎಷ್ಟು ಗಟ್ಟಿ ಅಂತಲೂ ಹೇಳಬೇಕು.

ಸ್ಟಾನ್ ಇಷ್ಟವಾಗುವುದು ಇಲ್ಲೇ. ನಾಲ್ಕು ಚೈನ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ಉತ್ತರ ಹುಡುಕುವ ನಾಲ್ಕು ಓಟಗಳು, ಬೇರೆ ಬೇರೆ ಜಾಗದಿಂದ ಹೊರಡುತ್ತವೆ. ಒಂದೊಂದಕ್ಕೆ 2000 ಹೆಜ್ಜೆ, ಮೊದಲ 1000 ಬರೀ ಅಭ್ಯಾಸಕ್ಕೆ. ನಾಲ್ಕೂ ಒಂದೇ ಕಡೆ ಬಂದು ಸೇರಬೇಕು. ಸೇರಿದವೋ ಇಲ್ಲವೋ ಅಂತ ಅಳೆಯುವ ಆರ್-ಹ್ಯಾಟ್ 1.01 ದಾಟಿದರೆ ಆ ಉತ್ತರ ನಂಬುವ ಹಾಗಿಲ್ಲ. ಹೋದ ಮಳೆಗಾಲದಲ್ಲಿ ಒಂದು ಮಾಡೆಲನ್ನು ಇಡೀ ರಾತ್ರಿ ಓಡಿಸಿದೆ. ಬೆಳಿಗ್ಗೆ ನೋಡಿದರೆ ಸಾಲು ಸಾಲು ಡೈವರ್ಜೆನ್ಸ್ ಎಚ್ಚರಿಕೆ, ಅಂದರೆ ಲೆಕ್ಕ ದಾರಿ ತಪ್ಪಿದೆ ಅಂತ. ಇನ್ನೂ ಸಣ್ಣ ಹೆಜ್ಜೆ ಇಡಲಿ ಅಂತ ಅಡಾಪ್ಟ್ ಡೆಲ್ಟಾ ಅನ್ನುವ ಸೆಟ್ಟಿಂಗ್ 0.8 ಇದ್ದದ್ದನ್ನು 0.99 ಮಾಡಿದೆ. ಓಟ ನಿಧಾನವಾಯಿತು, ಗೊಣಗಾಟ ನಿಲ್ಲಲಿಲ್ಲ. ಮೂರು ದಿನ ಬೈದುಕೊಂಡ ಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಪಂಚಾಯಿತಿಗೊಂದು ಹರಡುವ ದರ ಇಟ್ಟಿದ್ದೆ, ಕೆಲವು ಪಂಚಾಯಿತಿಗಳಲ್ಲಿ ಕೇಸೇ ಇಲ್ಲ. ಅದನ್ನು ನಾನ್-ಸೆಂಟರ್ಡ್ ರೀತಿಯಲ್ಲಿ, ಅಂದರೆ ಒಟ್ಟು ಸರಾಸರಿಯಿಂದ ಎಷ್ಟು ದೂರ ಅನ್ನುವ ಲೆಕ್ಕದಲ್ಲಿ, ತಿರುಗಿಸಿ ಬರೆದೆ. ಎಚ್ಚರಿಕೆ ಪೂರಾ ಹೋಯಿತು. ಎಚ್ಚರಿಸದೆ ಚಂದದ ಗ್ರಾಫ್ ಕೊಟ್ಟಿದ್ದರೆ ಅದನ್ನೇ ಥೀಸಿಸಿಗೆ ಅಂಟಿಸುತ್ತಿದ್ದೆ, ಅಲ್ವಾ?

ಕೊರತೆ ಇಲ್ಲವೆಂದಲ್ಲ. ಸೋಂಕು ತಗುಲಿದವರ ಸಂಖ್ಯೆಯಂಥ ಪೂರ್ಣಾಂಕವನ್ನು ಇದು ನೇರವಾಗಿ ಅಂದಾಜು ಮಾಡುವುದಿಲ್ಲ. ಎಲ್ಲ ಸಾಧ್ಯತೆಗಳನ್ನೂ ಕೂಡಿಸಿ ನಾವೇ ಸೂತ್ರ ಬರೆಯಬೇಕು. ಸಾಂಕ್ರಾಮಿಕ ರೋಗದ ಕೆಲಸಕ್ಕೆ ಇದು ಸಣ್ಣ ತಲೆನೋವಲ್ಲ. ಹೊಸದಾಗಿ ಕಲಿಯುವವರಿಗೆ ಮೊದಲ ತಿಂಗಳು ಜಾಸ್ತಿ ಭಾರ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ರಾತ್ರಿ ಕರೆಂಟ್ ಹೋದರೆ ಓಟ ಮೊದಲಿನಿಂದ ಶುರು, ಆದರೆ ಅದಕ್ಕೆ ಅಂಕ ಕಳೆದಿಲ್ಲ. ಸತ್ತಿರುವುದು ನನ್ನ ಲ್ಯಾಪ್‌ಟಾಪಿನ ಬ್ಯಾಟರಿ. ಈ ಸಲದ ಅಡಿಕೆ ಮಾರಿದ ಮೇಲೆ ಹೊಸದು ತರೋಣ ಅಂದಿದ್ದಾರೆ ಅಪ್ಪ.