ಶತ್ರುಗಳು ಒಂದೇ ಹಗ್ಗ ಹಿಡಿದಾಗ: ರಾಬರ್ಸ್ ಕೇವ್ ಪ್ರಯೋಗದ ಮೂಲ ವರದಿ

ಮನಶ್ಶಾಸ್ತ್ರದ ಪಠ್ಯಪುಸ್ತಕದಲ್ಲಿ ಗುಂಪುಗಳ ನಡುವೆ ಹಗೆತನ ಹೇಗೆ ಹುಟ್ಟುತ್ತದೆ, ಹೇಗೆ ಕರಗುತ್ತದೆ ಎಂಬುದನ್ನು ಪರೀಕ್ಷಿಸಿದ ರಾಬರ್ಸ್ ಕೇವ್ ಪ್ರಯೋಗವನ್ನು ಒಂದು ಪುಟದಷ್ಟು ಓದಿ, ಪರೀಕ್ಷೆಯಲ್ಲಿ ಬರೆದು ಮರೆತಿದ್ದವಳು ನಾನು. ಸಮಾಜ ಮನಶ್ಶಾಸ್ತ್ರಜ್ಞ ಮುಜಫರ್ ಷೆರಿಫ್ ಮತ್ತು ಸಂಗಡಿಗರು 1961ರಲ್ಲಿ ಹೊರತಂದ ಮೂಲ ವರದಿಯನ್ನು, ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಯಾಂಪ್‌ಬೆಲ್ ಅವರ ಪ್ರಸ್ತಾವನೆಯಿರುವ 1988ರ ಮರುಮುದ್ರಣದಲ್ಲಿ ಈಗ ಪೂರ್ತಿ ಓದಿದ ಮೇಲೆ, ಆ ಪುಟ ಎಷ್ಟನ್ನು ಬಿಟ್ಟಿತ್ತೆಂಬುದು ಅರಿವಾಯಿತು.

1954ರ ಬೇಸಿಗೆಯಲ್ಲಿ, ಪರಸ್ಪರ ಪರಿಚಯವೇ ಇಲ್ಲದ, ಸುಮಾರು 11 ವರ್ಷ ವಯಸ್ಸಿನ 22 ಹುಡುಗರನ್ನು ಎರಡು ತಂಡಗಳಾಗಿ ಅಮೆರಿಕದ ಒಕ್ಲಹಾಮಾ ರಾಜ್ಯದ ರಾಬರ್ಸ್ ಕೇವ್ ಎಂಬಲ್ಲಿನ ಶಿಬಿರವೊಂದಕ್ಕೆ ಕರೆತರಲಾಯಿತು. ಒಂದು ತಂಡ ರ‍್ಯಾಟ್ಲರ್ಸ್ ಎಂದೂ ಇನ್ನೊಂದು ಈಗಲ್ಸ್ ಎಂದೂ ತಮಗೆ ತಾವೇ ಹೆಸರಿಟ್ಟುಕೊಂಡವು. ಪಂದ್ಯಾವಳಿ ಆರಂಭವಾದ ಮೇಲೆ, ಹಗ್ಗಜಗ್ಗಾಟದಲ್ಲಿ ಸೋತ ಈಗಲ್ಸ್ ಹುಡುಗರು ಎದುರಾಳಿಗಳ ಬಾವುಟವನ್ನು ಸುಟ್ಟು, ಉಳಿದ ಚಿಂದಿಯನ್ನು ಮತ್ತೆ ಅಲ್ಲಿಯೇ ತೂಗುಹಾಕಿದರು.

ನನ್ನನ್ನು ಹೆಚ್ಚು ಕಾಡಿದ್ದು ಕಾಳು ಹೆಕ್ಕುವ ಸ್ಪರ್ಧೆ. ಒಬ್ಬೊಬ್ಬ ಹುಡುಗನೂ ಹೆಕ್ಕಿದ ಕಾಳುಗಳೆಂದು ಹೇಳಿ ಪರದೆಯ ಮೇಲೆ ಕ್ಷಣಕಾಲ ತೋರಿಸಿದ್ದು ಪ್ರತಿ ಸಲವೂ ಅವೇ 35 ಕಾಳುಗಳನ್ನು. ಆದರೂ ಹುಡುಗರ ಅಂದಾಜಿನಲ್ಲಿ ತಮ್ಮವರ ಕಾಳು ಹೆಚ್ಚು, ಎದುರು ತಂಡದವರದು ಕಡಿಮೆ! ಪಕ್ಷಪಾತವನ್ನು ಎಣಿಸಿ ತೋರಿಸುವ ಇಷ್ಟು ಸರಳವಾದ ವಿಧಾನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪುಸ್ತಕದ ಜೀವಾಳ ಏಳನೆಯ ಅಧ್ಯಾಯ. ಎರಡೂ ತಂಡಗಳನ್ನು ಊಟಕ್ಕೆ, ಸಿನಿಮಾಕ್ಕೆ ಸುಮ್ಮನೆ ಒಂದೆಡೆ ಸೇರಿಸಿದ್ದರಿಂದ ಹಗೆತನ ಕರಗಲಿಲ್ಲ. ಊಟದ ಕೋಣೆಯಲ್ಲಿ ತಿನಿಸು ಎರಚಾಟವೇ ನಡೆಯಿತು. ಆಮೇಲೆ ಎರಡೂ ತಂಡಗಳು ಕೈಜೋಡಿಸಿದರಷ್ಟೇ ಆಗುವ ಕೆಲಸಗಳನ್ನು ಸಂಶೋಧಕರು ಮುಂದಿಟ್ಟರು. ನೀರಿನ ಪೂರೈಕೆ ನಿಂತಾಗ ತೊಂದರೆ ಎಲ್ಲಿದೆಯೆಂದು ಕೂಡಿ ಹುಡುಕಬೇಕಾಗಿ ಬಂದಿತು, ಸಿನಿಮಾ ತರಿಸಲು ಕೂಡಿ ಹಣ ಹಾಕಬೇಕಾಯಿತು. ಊಟ ತರಬೇಕಿದ್ದ ಲಾರಿ ಚಾಲೂ ಆಗದೆ ನಿಂತಾಗ, ಹಗ್ಗಜಗ್ಗಾಟದ ಹಗ್ಗವನ್ನೇ ತಂದು ಲಾರಿಯನ್ನು ಎಳೆಯೋಣ ಎಂದವನು ಅವರಲ್ಲೇ ಒಬ್ಬ ಹುಡುಗ. ಬಾವುಟ ಸುಡುವುದಕ್ಕೆ ಕಾರಣವಾಗಿದ್ದ ಹಗ್ಗವನ್ನು ಎರಡೂ ತಂಡದವರು ಹಿಡಿದು ಎಳೆದರು. ಇಂಥ ಕೆಲಸಗಳು ಮತ್ತೆ ಮತ್ತೆ ಒದಗಿದ ಮೇಲಷ್ಟೇ ಮನಸ್ಸುಗಳು ತಿಳಿಯಾದವು ಎಂಬುದನ್ನು ವರದಿ ದಿನದಿನದ ವಿವರಗಳೊಂದಿಗೆ ದಾಖಲಿಸುತ್ತದೆ. ಪಠ್ಯಪುಸ್ತಕ ನುಂಗಿಹಾಕಿದ್ದು ಈ ನಿಧಾನವನ್ನೇ.

ಕೊರತೆಗಳಿವೆ. ಭಾಷೆ ಒಣಗಿದೆ, ಕೋಷ್ಟಕಗಳು ದಣಿಸುತ್ತವೆ. ತಾವು ಪ್ರಯೋಗದ ವಸ್ತುಗಳೆಂಬುದು ಆ ಮಕ್ಕಳಿಗೆ ತಿಳಿದಿರಲಿಲ್ಲ. ಅವರನ್ನು ಬೇಕೆಂದೇ ಜಗಳಕ್ಕೆ ಹಚ್ಚಿದ್ದನ್ನು ಓದುವಾಗ ನನಗೆ ಸಂಕಟವಾಯಿತು. ಹಿಂದಿನ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ನಡೆಸಿದ ಇಂಥದೇ ಪ್ರಯತ್ನ ಅರ್ಧಕ್ಕೇ ನಿಂತಿತ್ತೆಂಬುದನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಮಯವಿಲ್ಲದವರು ಐದು ಮತ್ತು ಏಳನೆಯ ಅಧ್ಯಾಯಗಳನ್ನಾದರೂ ಓದಲಿ. ಮನೆಗೆ ಮರಳುವ ದಾರಿಯಲ್ಲಿ ರ‍್ಯಾಟ್ಲರ್ಸ್ ತಾವು ಗೆದ್ದಿದ್ದ 5 ಡಾಲರುಗಳನ್ನು ಖರ್ಚು ಮಾಡಿ ಈಗಲ್ಸ್ ಹುಡುಗರಿಗೂ ಸೇರಿಸಿ ಎಲ್ಲರಿಗೂ ಮಾಲ್ಟ್ ಎಂಬ ಹಾಲಿನ ಪಾನೀಯ ಕೊಡಿಸಿದ ಪ್ರಸಂಗ ಏಳನೆಯದರಲ್ಲಿದೆ.