ಕೋವಿಗೆ ಯಾವ ಸೈಟ್? ನಾಲ್ಕನ್ನೂ ಹಾಕಿ ನೋಡಿದ ಲೆಕ್ಕ

ಸೈಟ್, ಅಂದರೆ ಗುರಿ ಹಿಡಿಯಲು ಕೋವಿಯ ಮೇಲಿರುವ ಸಾಧನ, ಕೊಳ್ಳಲು ಹೋದವನಿಗೆ ಅಂಗಡಿಯವನು ಮೊದಲು ಹೇಳುವುದು ಸ್ಕೋಪ್ (ಕೋವಿಯ ದುರ್ಬೀನು) ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂಬುದನ್ನು. ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಗುರಿ ಹಿಡಿಯುವವನ ಕಣ್ಣಿಗೆ ಎಷ್ಟು ವಯಸ್ಸಾಗಿದೆ, ಕೋವಿ ಹಿಂದಕ್ಕೆ ಮಾತ್ರ ಒದೆಯುತ್ತದೆಯೋ ಮುಂದಕ್ಕೂ ಒದೆಯುತ್ತದೆಯೋ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಮನೆಯ ಯಾವ ಮೂಲೆಯಲ್ಲಿ ಇರುತ್ತದೆ ಎಂಬುದು ಮೊದಲು ಇತ್ಯರ್ಥವಾಗಬೇಕು. ನಮ್ಮದು ಕೊಡಗು. ಮನೆಯಲ್ಲಿರುವುದು ಸ್ಪ್ರಿಂಗ್‌ನಿಂದ ನಡೆಯುವ .177 ಏರ್ ರೈಫಲ್ ಒಂದು, .22 ರೈಫಲ್ ಒಂದು; ಈ ಸಂಖ್ಯೆಗಳು ನಳಿಕೆಯ ಒಳಅಳತೆ, ಇಂಚಿನಲ್ಲಿ. ಮೊದಲನೆಯದನ್ನು 10 ಮೀಟರಿನಲ್ಲಿ, ಎರಡನೆಯದನ್ನು 50 ಮೀಟರಿನಲ್ಲಿ ಇಟ್ಟುಕೊಂಡು, ತೆರೆದ ಸೈಟ್, ಪೀಪ್ ಸೈಟ್, ರೆಡ್ ಡಾಟ್, ಸ್ಕೋಪ್ ನಾಲ್ಕನ್ನೂ ಕಾಗದದ ಮೇಲೂ ತೆಂಗಿನಕಾಯಿಯ ಮೇಲೂ ಪರೀಕ್ಷಿಸಿದ್ದೇನೆ. ಬೇಟೆಯ ಮಾತು ಇಲ್ಲಿ ಬರುವುದಿಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು.

ತೆರೆದ ಸೈಟಿನಿಂದ ಶುರುಮಾಡುವುದು ನ್ಯಾಯ, ಏಕೆಂದರೆ ಕೋವಿಯ ಜೊತೆಗೇ ಬರುವುದು ಅದು. ಹಿಂದೆ ಒಂದು ಕಚ್ಚು, ನಳಿಕೆಯ ತುದಿಯಲ್ಲಿ ಒಂದು ಮಣಿ ಅಥವಾ ಚಪ್ಪಟೆ ಕಂಬ. ಇದರ ಕಷ್ಟವೆಲ್ಲ ಕಣ್ಣಿನದು. ಕಚ್ಚು, ಮಣಿ, ಗುರಿ ಮೂರೂ ಬೇರೆ ಬೇರೆ ದೂರದಲ್ಲಿವೆ. ಕಣ್ಣು ಒಂದನ್ನು ಮಾತ್ರ ಸ್ಪಷ್ಟವಾಗಿ ಹಿಡಿಯಬಲ್ಲದು. ಹಿಡಿಯಬೇಕಾದದ್ದು ಮಣಿಯನ್ನು. ಗುರಿ ತುಸು ಮಸುಕಾದರೆ ನಷ್ಟವಿಲ್ಲ, ಮಣಿ ಮಸುಕಾದರೆ ಗುಂಡು ಎಲ್ಲಿಗೆ ಹೋಯಿತೆಂದು ಹುಡುಕಬೇಕಾಗುತ್ತದೆ. ಎರಡು ಸೈಟ್‌ಗಳ ನಡುವೆ ಅರ್ಧ ಮೀಟರ್ ಅಂತರವಿರುವ ಕೋವಿಯಲ್ಲಿ ಮಣಿ ಕಚ್ಚಿನೊಳಗೆ ಒಂದು ಮಿಲಿಮೀಟರ್ ಓರೆಯಾದರೆ 50 ಮೀಟರಿನಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಬೀಳುತ್ತದೆ. ತೆಂಗಿನಕಾಯಿ ಉಳಿದುಕೊಂಡಿತು ಎಂದೇ ಅರ್ಥ. ನಲವತ್ತು ದಾಟಿದವರಿಗೆ ಇನ್ನೊಂದು ತೊಡಕು: ಮಣಿ ಇರುವುದು ಕಣ್ಣಿನಿಂದ ಸುಮಾರು ಒಂದು ಮೀಟರ್ ದೂರದಲ್ಲಿ. ಓದುವ ಕನ್ನಡಕ ಅದಕ್ಕಿಂತ ಹತ್ತಿರದ್ದನ್ನು ತೋರಿಸುತ್ತದೆ, ದೂರದ ಕನ್ನಡಕ ಅದರಾಚೆಯದ್ದನ್ನು.

ಆದರೂ ಕೈಲ್‌ಮುಹೂರ್ತದ, ಅಂದರೆ ಸೆಪ್ಟೆಂಬರಿನಲ್ಲಿ ಕೊಡವರು ಆಯುಧಗಳನ್ನು ಪೂಜಿಸುವ ಹಬ್ಬದ, ತೆಂಗಿನಕಾಯಿ ಹೊಡೆಯುವ ಸ್ಪರ್ಧೆಗಳಲ್ಲಿ ನಾನು ಹಿಡಿಯುವುದು ಇದನ್ನೇ. ನಾನು ಹೋಗುವ ಕಡೆಗಳಲ್ಲಿ ಸ್ಕೋಪ್ ಕಂಡರೆ ಸಂಘಟಕರು ಪಕ್ಕಕ್ಕೆ ಕರೆದು ಮಾತಾಡಿಸುತ್ತಾರೆ. ಬಿಸಿಲಿನಲ್ಲಿ ಮಣಿ ಹೊಳೆದರೆ ಬೆಳಕಿರುವ ಪಕ್ಕವೇ ದೊಡ್ಡದಾಗಿ ಕಂಡು ಗುಂಡು ಅದರ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಅದಕ್ಕೆ ಮದ್ದು ಕರ್ಪೂರ. ಕೋವಿಯಲ್ಲಿ ಗುಂಡಿಲ್ಲವೆಂದು ನೋಡಿಕೊಂಡು, ಒಂದು ಬಿಲ್ಲೆ ಹೊತ್ತಿಸಿ, ಹೊಗೆಯ ತುದಿಗೆ ಮಣಿಯನ್ನು ಒಂದೆರಡು ಕ್ಷಣ ಹಿಡಿದರೆ ಸಾಕು. ಹೊಳಪೇ ಇಲ್ಲದ ಕಪ್ಪು ಮಸಿ ಕೂರುತ್ತದೆ. ಬೆರಳು ತಾಗಿಸಬಾರದು, ತಾಗಿದರೆ ಮತ್ತೆ ಹಿಡಿಯಬೇಕು. ಬಣ್ಣ, ಮಾರ್ಕರ್ ಎಲ್ಲವನ್ನೂ ಹಚ್ಚಿ ನೋಡಿದ್ದೇನೆ, ಈ ಮಸಿಯ ಕಪ್ಪು ಯಾವುದಕ್ಕೂ ಬರಲಿಲ್ಲ.

ಪೀಪ್ ಸೈಟಿಗೆ ನನ್ನ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಹಿಂದಿನ ಕಚ್ಚಿನ ಜಾಗದಲ್ಲಿ, ಕಣ್ಣಿಗೆ ಹತ್ತಿರವಾಗಿ, ಒಂದು ಸಣ್ಣ ರಂಧ್ರ. ಕಣ್ಣು ತಾನಾಗಿಯೇ ರಂಧ್ರದ ನಡುವನ್ನು, ಅಂದರೆ ಬೆಳಕು ಹೆಚ್ಚಿರುವಲ್ಲಿಯನ್ನು ಹುಡುಕಿಕೊಳ್ಳುತ್ತದೆ; ಹೀಗಾಗಿ ಮೂರರಲ್ಲಿ ಒಂದರ ಚಿಂತೆ ತಪ್ಪುತ್ತದೆ. ರಂಧ್ರ ಕಿರಿದಾದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಕನ್ನಡಕದವರು ಕನ್ನಡಕ ತೆಗೆದು, ಕಾಗದಕ್ಕೆ ಸೂಜಿಯಿಂದ ಚುಚ್ಚಿದ ತೂತಿನ ಮೂಲಕ ಗೋಡೆಯ ಕ್ಯಾಲೆಂಡರ್ ನೋಡಿದರೆ ಇದು ಮನದಟ್ಟಾಗುತ್ತದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಕಪ್ಪು ವೃತ್ತದ ವ್ಯಾಸ 30.5 ಮಿಲಿಮೀಟರ್, ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅಲ್ಲಿ ಸ್ಕೋಪ್ ನಿಷಿದ್ಧ. ಒಲಿಂಪಿಕ್ಸ್‌ನವರೆಗೂ ಎಲ್ಲರೂ ರಂಧ್ರದ ಮೂಲಕವೇ ಆ ಚುಕ್ಕೆಯನ್ನು ಹೊಡೆಯುತ್ತಾರೆ.

ಮುಂದಿನ ಸೈಟಿಗೆ ಹಾಕುವ ಉಂಗುರವನ್ನು ಆರಿಸುವುದರಲ್ಲಿ ಜಾಣತನ ಬೇಕು. ಕಪ್ಪು ವೃತ್ತ ಉಂಗುರದೊಳಗೆ ಕೂತಾಗ ಸುತ್ತ ಬಿಳಿಯ ಬಳೆ ಧಾರಾಳವಾಗಿ ಉಳಿಯಬೇಕು. ಬಿಗಿಯಾದ ಉಂಗುರ ನಿಖರವಾಗಿರುತ್ತದೆಂದು ಹೊಸಬರು ಅದನ್ನೇ ಕೇಳುತ್ತಾರೆ. ಬಳೆ ಮಿನುಗಿ ಮಿನುಗಿ ಮಾಯವಾಗುತ್ತದೆ, ಕಣ್ಣು ದಣಿಯುತ್ತದೆ, ಗುಂಡು ಬಿಡುವುದು ತಡವಾಗುತ್ತದೆ. ಇನ್ನೊಂದು ಮಿತಿ ತೋಟದಲ್ಲಿ ಗೊತ್ತಾಗುತ್ತದೆ. ಬಿಳಿ ಕಾಗದದ ಮೇಲೆ ಉಂಗುರ ಅದ್ಭುತ, ಆದರೆ ಮರದ ನೆರಳಿನಲ್ಲಿಟ್ಟ ಕಂದು ತೆಂಗಿನಕಾಯಿಯ ಸುತ್ತ ಬಿಳಿ ಎಲ್ಲಿಂದ ಬರಬೇಕು? ಅಲ್ಲಿ ಉಂಗುರ ತೆಗೆದು ಕಂಬ ಹಾಕುತ್ತೇನೆ, ರಂಧ್ರವನ್ನೂ ಒಂದು ಅಳತೆ ದೊಡ್ಡದು ಮಾಡುತ್ತೇನೆ. ಸಂಜೆ ಐದರ ಮೇಲೆ ಮೋಡ ಕವಿದರೆ ಪೀಪ್ ಸೈಟ್ ಪೂರ್ತಿ ಕೈಕೊಡುತ್ತದೆ.

ರೆಡ್ ಡಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಜಿನಲ್ಲಿ ಬೆಳಗುವ ಕೆಂಪು ಚುಕ್ಕೆಯನ್ನು ಗುರಿಯ ಮೇಲಿಡುವ ಸೈಟ್ ಅದು. ಎರಡೂ ಕಣ್ಣು ತೆರೆದು ನೋಡಬಹುದು, ಚುಕ್ಕೆಯೂ ಗುರಿಯೂ ಒಂದೇ ದೂರದಲ್ಲಿದ್ದಂತೆ ಕಾಣುತ್ತವೆ, ಹತ್ತಿರದ ಗುರಿಗೆ ಇದರಷ್ಟು ಚುರುಕಾದದ್ದು ಇನ್ನೊಂದಿಲ್ಲ. ಆದರೆ 3 ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು) ಅಳತೆಯ ಚುಕ್ಕೆ 10 ಮೀಟರಿನಲ್ಲಿ 9 ಮಿಲಿಮೀಟರಿನಷ್ಟು ಜಾಗವನ್ನು, 50 ಮೀಟರಿನಲ್ಲಿ ಸುಮಾರು 4.4 ಸೆಂಟಿಮೀಟರನ್ನು ಮುಚ್ಚಿಬಿಡುತ್ತದೆ. ಕಾಯಿಗೆ ಅಡ್ಡಿಯಿಲ್ಲ, ಕಾಗದಕ್ಕೆ ಒಗ್ಗದು. ನಮ್ಮ ಚಿಕ್ಕಪ್ಪನ ಕೈಗೆ ಕೊಟ್ಟಾಗ ಅವರು ಒಮ್ಮೆ ನೋಡಿ, “ಚುಕ್ಕೆ ಎಲ್ಲಿದೆಯೋ? ನನಗೆ ಕಾಣುತ್ತಿರುವುದು ಚೇಳು” ಎಂದು ವಾಪಸು ಕೊಟ್ಟರು. ಸೈಟಿನ ದೋಷವಲ್ಲ ಅದು. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಮುಂಭಾಗದ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮನಾಗಿಲ್ಲದ ದೋಷ, ಇರುವ ಕಣ್ಣಿಗೆ ಚುಕ್ಕೆ ಬಾಲ ಬಿಟ್ಟಂತೆ, ಒಡೆದಂತೆ ಕಾಣುತ್ತದೆ. ಕೊಳ್ಳುವ ಮುನ್ನ ಅದೇ ಚುಕ್ಕೆಯನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಅಲ್ಲಿ ದುಂಡಗಿದ್ದು ಕಣ್ಣಿಗೆ ಮಾತ್ರ ಓರೆಯಾಗಿ ಕಂಡರೆ ದುಡ್ಡನ್ನು ಜೇಬಿಗೆ ಹಾಕಿಕೊಂಡು ಬನ್ನಿ.

ಸ್ಕೋಪಿನಲ್ಲಿ ದುಡ್ಡು ಪೋಲಾಗುವುದು ಹೆಚ್ಚಾಗಿ ಏರ್ ರೈಫಲಿನ ಮೇಲೆ. ಸ್ಪ್ರಿಂಗ್ ರೈಫಲಿನೊಳಗೆ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಕೋವಿ ಹಿಂದಕ್ಕೆ ಜಗ್ಗುತ್ತದೆ, ಪಿಸ್ಟನ್ ಬಡಿದು ನಿಂತಾಗ ಮುಂದಕ್ಕೆ ಒದೆಯುತ್ತದೆ. ಸಾಮಾನ್ಯ ಸ್ಕೋಪ್‌ಗಳ ಒಳಗಿನ ಗಾಜನ್ನು ಹಿಂದಕ್ಕೆ ಬರುವ ಒದೆತಕ್ಕೆ ಮಾತ್ರ ಬಿಗಿದಿರುತ್ತಾರೆ. ದೊಡ್ಡ ಬೋರಿನ ರೈಫಲಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪ್ ಈ ‘ಆಟಿಕೆ’ಯ ಮೇಲೆ ಕೆಲವೇ ಡಬ್ಬಿ ಪೆಲೆಟ್‌ಗಳಲ್ಲಿ ಅಡ್ಡತಂತಿ (ಗುರಿಯ ಮೇಲಿಡುವ ಒಳಗಿನ ಕೂಡುಗೆರೆ) ಕಳಚಿಕೊಂಡು ಕೂರುವುದು ಹೀಗೆ. ಪೆಟ್ಟಿಗೆಯ ಮೇಲೆ ಏರ್ ರೈಫಲಿಗೆ ಸೂಕ್ತ ಎಂದು ಬರೆದಿರಬೇಕು, ಸ್ಕೋಪನ್ನು ಕೋವಿಗೆ ಬಿಗಿಯುವ ಮೌಂಟ್ ಹಿಂದಕ್ಕೆ ತೆವಳದಂತೆ ತಡೆಯುವ ಪಿನ್ ಇರಬೇಕು.

ಎರಡನೆಯದು ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಅಡ್ಡತಂತಿಯೂ ಗುರಿಯ ಮೇಲೆ ಸರಿದಂತೆ ಕಾಣುವುದು. ಬಹುಪಾಲು ರೈಫಲ್ ಸ್ಕೋಪ್‌ಗಳನ್ನು 100 ಗಜಕ್ಕೆ, .22ಕ್ಕೆಂದೇ ಮಾಡಿದವನ್ನು 50 ಗಜಕ್ಕೆ ಹೊಂದಿಸಿರುತ್ತಾರೆ. ಮೊದಲನೆಯದನ್ನು 10 ಮೀಟರಿನಲ್ಲಿ ಇಟ್ಟು, ಕೋವಿಯನ್ನು ಮರಳುಚೀಲದ ಮೇಲೆ ಅಲುಗದಂತೆ ಕೂರಿಸಿ, ತಲೆಯನ್ನಷ್ಟೇ ಆಚೀಚೆ ಸರಿಸಿ ನೋಡಿ: ಅಡ್ಡತಂತಿ ಗುರಿಯ ಮೇಲೆ ತೇಲಾಡುತ್ತದೆ. ಮುಂಭಾಗದ ಗಾಜನ್ನು ತಿರುಗಿಸಿ 10 ಗಜದವರೆಗೂ ಹೊಂದಿಸಬಹುದಾದ ಸ್ಕೋಪಿಗೆ ಬೆಲೆ ಹೆಚ್ಚು, ಏರ್ ರೈಫಲಿಗೆ ಬೇಕಾದದ್ದೂ ಅದೇ. ಹಿಗ್ಗಿಸುವುದರ ವಿಷಯದಲ್ಲಿ ನಾನು ನಾಲ್ಕು ಪಟ್ಟಿಗೇ ನಿಂತಿದ್ದೇನೆ. 4x32 ಸ್ಕೋಪಿನಿಂದ (ನಾಲ್ಕು ಪಟ್ಟು, ಮುಂದಿನ ಗಾಜು 32 ಮಿಲಿಮೀಟರ್) ಹೊರಬರುವ ಬೆಳಕಿನ ವೃತ್ತ 8 ಮಿಲಿಮೀಟರ್; ಅದೇ 32ರ ಗಾಜಿಗೆ 12 ಪಟ್ಟು ಹಚ್ಚಿದರೆ ಮೂರಕ್ಕೂ ಕಡಿಮೆ. ತೋಟದ ನೆರಳಿನಲ್ಲಿ ಅದು ಕತ್ತಲು, ಜೊತೆಗೆ ಎದೆಬಡಿತವೂ ಗುರಿಯ ಮೇಲೆ ಕುಣಿಯುತ್ತದೆ. .22ರ ಮೇಲೆ, 50 ಮೀಟರಿನಲ್ಲಿ, ಕಾಗದದ ಮೇಲೆ ಮಾತ್ರ ಸ್ಕೋಪಿಗೆ ಎದುರಿಲ್ಲ. ಹೊಂದಿಸುವ ತಿರುಪಿನ ಕಾಲು ಎಂಒಎ ಕ್ಲಿಕ್ ಒಂದು ಅಲ್ಲಿ ಗುಂಡನ್ನು ಮೂರೂವರೆ ಮಿಲಿಮೀಟರಿನಷ್ಟೇ ಸರಿಸುತ್ತದೆ.

ಇನ್ನು ಮಳೆ. ತೆರೆದ ಸೈಟಿಗೆ ಬರುವುದು ತುಕ್ಕು. ಎಣ್ಣೆ ಸವರಿದರೆ ಮುಗಿಯಿತು. ಕೈಲ್‌ಮುಹೂರ್ತದಂದು ನಳಿಕೆಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿದ ಮೇಲೆ ಹೂವಿನ ನೀರು ಮಣಿಯ ಬುಡದಲ್ಲಿ ನಿಲ್ಲುತ್ತದೆ, ಅದನ್ನು ಅಂದೇ ಒರೆಸಬೇಕು. ಗಾಜಿನ ಶತ್ರು ಬೂಷ್ಟು. ಬೀರುವಿನೊಳಗೆ ಚರ್ಮದ ಚೀಲದಲ್ಲಿ ಭದ್ರವಾಗಿಟ್ಟ ಸ್ಕೋಪಿಗೇ ಅದು ಮೊದಲು ಹಿಡಿಯುತ್ತದೆ. ಕೋವಿಯಿಂದ ಬಿಚ್ಚಿದ ಸ್ಕೋಪಿನ ಒಂದು ತುದಿಗೆ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿದರೆ ಬಿಳಿಯ ಎಳೆಗಳು ಕವಲೊಡೆದಿರುವುದು ಕಾಣುತ್ತದೆ. ಒಳಗೆ ಹಿಡಿದರೆ ಮನೆಮದ್ದಿಲ್ಲ, ಬಿಚ್ಚಿದರೆ ತುಂಬಿಸಿದ ನೈಟ್ರೋಜನ್ ಹೋಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಬಣ್ಣ ಬದಲಾದಾಗ ಜೆಲ್ಲಿನ ಮಣಿಗಳನ್ನು ಬಿಸಿ ಮಾಡಿ ಮತ್ತೆ ಇಡುವುದು, ಇಷ್ಟೇ ಉಪಾಯ. ರೆಡ್ ಡಾಟಿನ ಬ್ಯಾಟರಿಯನ್ನು ಜೂನ್‌ಗೆ ಮೊದಲೇ ಹೊರಗೆ ತೆಗೆಯಬೇಕು. ಗಾಜಿನ ಮೇಲಿನ ಧೂಳನ್ನು ಮೊದಲು ಬ್ರಶ್ಶಿನಿಂದ ಹಾರಿಸಿ, ಆಮೇಲೆ ಬಟ್ಟೆ. ಅಂಗಿಯ ಚುಂಗಿನಿಂದ ಒರೆಸುವವರ ಕೈಗೆ ನಾನು ಸ್ಕೋಪ್ ಕೊಡುವುದಿಲ್ಲ. ಕೋವಿಯ ಎಣ್ಣೆಯಂತೂ ಗಾಜಿನ ಹತ್ತಿರ ಸುಳಿಯಬಾರದು.

ಯಾವುದನ್ನೇ ಹಾಕಿದರೂ ಸ್ಕ್ರೂವಿನ ತಲೆಯಿಂದ ಮೌಂಟಿನ ಮೇಲೆ ಹಾಯುವಂತೆ ನೈಲ್ ಪಾಲಿಶಿನ ಒಂದು ಗೆರೆ ಎಳೆಯಿರಿ. ಸಡಿಲವಾದರೆ ಗೆರೆ ಮುರಿದು ತೋರಿಸುತ್ತದೆ. ಕ್ಲಿಕ್‌ಗಳ ಸ್ಥಾನವನ್ನು ಚೀಟಿಯಲ್ಲಿ ಬರೆದಿಡಿ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲಿಗೆ ಮುನ್ನ ಅಭಿನವ್ ಬಿಂದ್ರಾ ಅವರ ಅಭ್ಯಾಸದ ಗುಂಡು ನಾಲ್ಕರ ವಲಯಕ್ಕೆ ಹೋಗಿತ್ತು, ಸೈಟ್ ತನ್ನ ಜಾಗದಲ್ಲಿರಲಿಲ್ಲ. ಇದ್ದ ಕೆಲವೇ ನಿಮಿಷಗಳಲ್ಲಿ ಸರಿಪಡಿಸಿಕೊಂಡರು. ಕೊನೆಯ ಗುಂಡಿಗೆ 10.8 ಬಂತು, ಚಿನ್ನವೂ ಬಂತು. ನಮಗೆ ಅಷ್ಟು ಒತ್ತಡವಿಲ್ಲ, ಮೂರು ಗುಂಡುಗಳ ಗುಂಪು ನೋಡಿ ಆಮೇಲೆ ಕ್ಲಿಕ್ ತಿರುಗಿಸುವಷ್ಟು ಪುರುಸೊತ್ತಿದೆ.

ಈಗ ನನ್ನ ಏರ್ ರೈಫಲಿನ ಮೇಲೆ ಪೀಪ್ ಸೈಟ್, .22ರ ಮೇಲೆ ಬೇಸಿಗೆಯಲ್ಲಿ 4x32 ಸ್ಕೋಪ್, ಸೆಪ್ಟೆಂಬರಿನಲ್ಲಿ ಅದರದೇ ತೆರೆದ ಸೈಟ್. ರೆಡ್ ಡಾಟ್ ತಂಗಿಯ ಮಗನ ಪಾಲಾಗಿದೆ. ಅವನ ಕಣ್ಣಿಗೆ ಚುಕ್ಕೆ ದುಂಡಗೇ ಕಾಣುತ್ತದಂತೆ. ಇದೇ ದಾರಿಯಲ್ಲಿ ಹೊರಟವರು ಸ್ಕೋಪಿಗಿಂತ ಮೊದಲು ಕೋವಿಯ ಮೇಲಿನ ಹಳಿಯನ್ನು ಅಳೆದು ಹೋಗಿ. ಏರ್ ರೈಫಲ್‌ಗಳಲ್ಲಿ ಅದು ಸಾಮಾನ್ಯವಾಗಿ 11 ಮಿಲಿಮೀಟರಿನದು. ಅಗಲವಾದ ಪಿಕಟಿನಿ ಹಳಿಯ ಮೌಂಟ್ ಅದಕ್ಕೆ ಕೂರುವುದಿಲ್ಲ, ಬಿಲ್ಲು ಹರಿದ ಮೇಲೆ ಅಂಗಡಿಯವನು ವಾಪಸು ತೆಗೆದುಕೊಳ್ಳುವುದೂ ಇಲ್ಲ.