ಸ್ನಾರ್ಕಲ್, ಬ್ರೀದರ್ ಪೈಪ್, ಟಾರ್ಪಾಲ್: ನೀರಿಗಿಳಿಯುವ ಜೀಪಿಗೆ ಮೊದಲು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ರೀದರ್ ಪೈಪಿಗೆ, ಅಂದರೆ ಆಕ್ಸಲ್ ಉಸಿರಾಡುವ ಬಾಯನ್ನು ನೀರಿನ ಮೇಲಕ್ಕೆ ಒಯ್ಯುವ ರಬ್ಬರ್ ಕೊಳವೆಗೆ. ಮಳೆಗಾಲ ಶುರುವಾದರೆ ಸಾಕು, ಪುಣೆಯಲ್ಲಿರುವ ನಮ್ಮ ಕನ್ನಡದ ಜೀಪ್ ಗೆಳೆಯರಲ್ಲಿ ಸ್ನಾರ್ಕಲ್‌ದೇ ಮಾತು. ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆದುಕೊಡುವ ಆ ಕಪ್ಪು ಕೊಳವೆ ಬಾನೆಟ್ ಪಕ್ಕದಲ್ಲಿ ಎದ್ದು ನಿಂತರೆ ಗಾಡಿಗೆ ಒಂದು ಗತ್ತು ಬರುತ್ತೆ, ಅದೇನೋ ನಿಜ. ಆದರೆ ನನ್ನ ಹಾಗೆ ಲೆಕ್ಕ ಹಾಕಿ ಖರ್ಚು ಮಾಡುವವರು ಅಲ್ಲಿಂದ ಶುರು ಮಾಡಬೇಡಿ.

ನಾವು ಮಾಡಿದ ಪರೀಕ್ಷೆ ದೊಡ್ಡದೇನಲ್ಲ. ಮುಳಶಿ ಕಡೆ ಒಂದು ಹಳ್ಳ. ಎರಡು ಹಳೆ ಡೀಸೆಲ್ ಜೀಪು. ಗೆಳೆಯನದ್ದಕ್ಕೆ ಹೊರಗಿನ ಅಂಗಡಿಯಲ್ಲಿ 12,000 ಕೊಟ್ಟು ಹಾಕಿಸಿದ ಸ್ನಾರ್ಕಲ್, ನನ್ನದಕ್ಕೆ ಬ್ರೀದರ್ ಪೈಪ್ ಮಾತ್ರ. ನೀರು ಟೈರಿನ ಅರ್ಧ ದಾಟಿ ಬಂಪರಿಗೆ ತಾಕುವಷ್ಟಿತ್ತು. ಎರಡೂ ಆಚೆ ದಡ ಸೇರಿದವು, ಎರಡರ ಎಂಜಿನ್ನಿಗೂ ಏನೂ ಆಗಲಿಲ್ಲ. ಅಂದರೆ ಅವತ್ತು ಸ್ನಾರ್ಕಲ್‌ಗೆ ಕೆಲಸವೇ ಇರಲಿಲ್ಲ ಅಲ್ವಾ?

ವ್ಯತ್ಯಾಸ ಗೊತ್ತಾಗಿದ್ದು ಆಮೇಲೆ, ಭೋಸರಿಯ ಗ್ಯಾರೇಜಿನಲ್ಲಿ. ಅಲ್ಲಿನ ಮಿಸ್ತ್ರಿ ಸೊಲ್ಲಾಪುರದವರು, ನಮ್ಮ ಜೊತೆ ಕನ್ನಡದಲ್ಲೇ ಮಾತು. ಗೆಳೆಯನ ಜೀಪಿನ ಹಿಂದಿನ ಆಕ್ಸಲ್ ನಡುವೆ ಗೇರುಗಳಿರುವ ಗುಂಡು ಡಬ್ಬಿಯ, ಅಂದರೆ ಡಿಫರೆನ್ಷಿಯಲ್‌ನ ಡ್ರೇನ್ ನಟ್ ಬಿಚ್ಚಿದರು. ಮೊದಲು ಸ್ವಲ್ಪ ನೀರು ತೊಟ್ಟಿಕ್ಕಿತು, ಹಿಂದೆಯೇ ಬಿಳಿಚಿಕೊಂಡ ಕಂದು ಎಣ್ಣೆ. "ಸರ, ನೋಡ್ರಿ ಇಲ್ಲಿ, ಎಣ್ಣಿ ಹೋಗಿ ಚಾ ಆಗೇತಿ" ಅಂದರು. ನನ್ನದರಲ್ಲಿ ಎಣ್ಣೆ ಎಣ್ಣೆಯಾಗಿಯೇ ಇತ್ತು.

ಕಾರಣ ಸರಳ. ಗಾಡಿ ಓಡಿದಾಗ ಡಿಫರೆನ್ಷಿಯಲ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಹೊರಗೆ ಹೋಗಲು ಆಕ್ಸಲ್ ಮೇಲೆ ಒಂದು ಪುಟ್ಟ ಬ್ರೀದರ್ ಇರುತ್ತದೆ, ಒಣ ರಸ್ತೆಯಲ್ಲಿ ಅಷ್ಟೇ ಸಾಕು, ಆದರೆ ಘಾಟಿ ಹತ್ತಿಳಿದು ಬಂದ ಬಿಸಿ ಆಕ್ಸಲ್ಲನ್ನು ತಣ್ಣೀರಲ್ಲಿ ಮುಳುಗಿಸಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ಹೊರಗಿನದ್ದನ್ನು ಎಳೆದುಕೊಳ್ಳುತ್ತದೆ. ಹೊರಗಿರುವುದು ನೀರು. ಬ್ರೀದರ್ ಮೂಲಕ ಬರದಿದ್ದರೆ ಸವೆದ ಆಯಿಲ್ ಸೀಲ್ ಸಂದಿಯಿಂದ ಬರುತ್ತದೆ. ಗಾಡಿ ಆಮೇಲೂ ಚೆನ್ನಾಗಿಯೇ ಓಡುತ್ತದೆ, ಅದೇ ತೊಂದರೆ. ನೀರು ಸೇರಿದ ಎಣ್ಣೆಯಲ್ಲಿ ಬೇರಿಂಗ್, ಕ್ರೌನ್ ಪಿನಿಯನ್ ಗೇರು ಎಲ್ಲ ಸದ್ದಿಲ್ಲದೆ ಹಾಳಾಗುತ್ತವೆ. ಹಳ್ಳ ದಾಟಿದ್ದು ಮರೆತ ಮೇಲೆ ಗುಂಯ್ ಅನ್ನೋ ಶಬ್ದ ಬರುತ್ತದೆ.

ಪೈಪ್ ಹಾಕುವುದು ಏನೂ ದೊಡ್ಡ ವಿದ್ಯೆಯಲ್ಲ. ಬ್ರೀದರ್ ಬಿಚ್ಚಿ, ಅಲ್ಲಿಗೆ ನಿಪ್ಪಲ್ ಕೂರಿಸಿ, ಡೀಸೆಲ್ ಪೈಪಿನಂಥ ರಬ್ಬರ್ ಹೋಸನ್ನು ಚಾಸಿ ಗುಂಟ ಮೇಲಕ್ಕೆ ಒಯ್ಯಬೇಕು. ಹಿಂದಿನದ್ದು ಟೇಲ್ ಲ್ಯಾಂಪ್ ಹಿಂದೆ ಎತ್ತರಕ್ಕೆ, ಮುಂದಿನದ್ದು ಬಾನೆಟ್ ಒಳಗೆ. ಗೇರ್‌ಬಾಕ್ಸ್ ಮತ್ತು ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೂ ಹೀಗೇ. ಮೇಲಿನ ತುದಿಗೆ ಸಣ್ಣ ಫಿಲ್ಟರ್. ನನಗೆ ಕೂಲಿ ಸೇರಿ 1,500 ದಾಟಲಿಲ್ಲ. ಕಿರಿಕಿರಿ ಒಂದೇ: ಆಕ್ಸಲ್ ಮೇಲೆ ಕೆಳಗೆ ಆಡುತ್ತಲ್ಲ, ಅದಕ್ಕೆ ಪೈಪು ಸಡಿಲ ಬಿಡಬೇಕು. ಆದರೆ ಜಾಸ್ತಿ ಸಡಿಲ ಬಿಟ್ಟರೆ ಅದು ಜೋತುಬಿದ್ದು, ತಗ್ಗಿನಲ್ಲಿ ಎಣ್ಣೆಯೋ ನೀರೋ ನಿಂತು ಗಾಳಿ ಹೋಗುವ ದಾರಿಯೇ ಕಟ್ಟುತ್ತದೆ. ಮಿಸ್ತ್ರಿ ಜೀಪನ್ನು ಜಾಕ್ ಮೇಲೆ ಎತ್ತಿ, ಚಕ್ರ ಪೂರ್ತಿ ಜೋಲುವ ಹಾಗೆ ಮಾಡಿ ಆಮೇಲೆ ಪೈಪಿನ ಅಳತೆ ತೆಗೆದರು. ನೀವೂ ಹಾಗೇ ಮಾಡಿಸಿ.

ಸ್ನಾರ್ಕಲ್ ವೇಸ್ಟ್ ಅಂತಲ್ಲ. ಎಂಜಿನ್ ಒಳಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಯಾಕೆಂದರೆ ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲು ಆಗುವುದಿಲ್ಲ. ಧೂಳಿನಲ್ಲಿ ಸಾಲಾಗಿ ಹೋಗುವಾಗಲೂ ಮೇಲಿನ ಗಾಳಿ ಸ್ವಚ್ಛ. ಆದರೆ ಫೆಂಡರ್ ಕೊರೆದು ಕೊಳವೆ ಸಿಕ್ಕಿಸಿದರೆ ಮುಗಿಯಿತು ಅಂದುಕೊಂಡಿರುತ್ತಾರೆ. ಏರ್ ಫಿಲ್ಟರ್ ಡಬ್ಬಿಯ ಕೆಳಗೆ ನೀರು ಹೋಗಲು ತೂತು ಇರುತ್ತದೆ, ಅದು ತೆರೆದಿದ್ದರೆ ಕೊಳವೆ ಸುಮ್ನೆ ಅಲಂಕಾರ. ಎಂಜಿನ್ ಐಡಲ್‌ನಲ್ಲಿಟ್ಟು ಸ್ನಾರ್ಕಲ್ ಬಾಯಿಗೆ ಒಂದು ಚಪ್ಪಟೆ ಹಲಗೆ ಒತ್ತಿ ಹಿಡಿಯಿರಿ. ಎಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ಗೆಳೆಯನದ್ದು ಆರಾಮಾಗಿ ಓಡುತ್ತಲೇ ಇತ್ತು, ಅಂದರೆ ಗಾಳಿ ಬೇರೆಲ್ಲಿಂದಲೋ ಒಳಗೆ ಹೋಗುತ್ತಿತ್ತು.

ಇನ್ನೊಂದು ಲೆಕ್ಕ ನೋಡಿ. ಈಗಿನ ಥಾರ್‌ಗೆ ಕಂಪನಿ ಕೊಡುವ ನೀರಿನ ಮಿತಿ 650 ಮಿ.ಮೀ., ಅದೂ ಸ್ನಾರ್ಕಲ್ ಇಲ್ಲದೆ. ಸ್ನಾರ್ಕಲ್ ಹಾಕಿಯೇ ಬರುವ ಗೂರ್ಖಾಕ್ಕೆ 700. ಮಧ್ಯೆ ಇರುವುದು ಮೂರು ಬೆರಳು. ಎಂಜಿನ್ನಿಗೆ ಗಾಳಿ ಸಿಕ್ಕರೂ ಆಲ್ಟರ್ನೇಟರ್, ವೈರಿಂಗ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇರುವ ಜಾಗ ಎತ್ತರ ಆಗುವುದಿಲ್ಲ. ಗಾಡಿ ತೇಲುವುದೂ ತಪ್ಪುವುದಿಲ್ಲ. ಹರಿಯುವ ನೀರು ಎರಡು ಅಡಿ ಇದ್ದರೆ ದೊಡ್ಡ ಗಾಡಿಯನ್ನೂ ತಳ್ಳಿಕೊಂಡು ಹೋಗುತ್ತದೆ.

ಟಾರ್ಪಾಲ್ ಬಗ್ಗೆ: ಗ್ರಿಲ್ ಮುಂದೆ ಬಿಗಿಯಾಗಿ ಕಟ್ಟಿದರೆ ರೇಡಿಯೇಟರ್ ಕಡೆ ನುಗ್ಗುವ ನೀರು ಕಡಿಮೆಯಾಗುತ್ತದೆ, ಫ್ಯಾನ್ ಉಳಿಯುತ್ತದೆ. ಹೆಚ್ಚುಕಮ್ಮಿ ಪುಕ್ಕಟೆ. ಆದರೆ ಗಾಡಿ ಮುಂದೆ ಹೋಗುತ್ತಿರುವವರೆಗೆ ಮಾತ್ರ. ನಿಂತಿರೋ, ನೀರು ಒಳಗೆ ಸಮವಾಗಿ ತುಂಬುತ್ತದೆ. ದಾಟಿದ ಕೂಡಲೇ ಬಿಚ್ಚಿ, ಇಲ್ಲದಿದ್ದರೆ ಎಂಜಿನ್ ಕಾಯುತ್ತದೆ.

ಓಡಿಸುವ ರೀತಿ ಮೂರಕ್ಕೂ ಒಂದೇ. ಮೊದಲು ಕೋಲು ಹಿಡಿದು ನಡೆದು ನೋಡಿ. ನಡೆಯಲು ಧೈರ್ಯ ಬಾರದ ನೀರಿಗೆ ಜೀಪೂ ಬೇಡ. ನೀರಿಗಿಳಿಯುವ ಮೊದಲು ಐದು ನಿಮಿಷ ನಿಲ್ಲಿಸಿದರೆ ಆಕ್ಸಲ್ ಸ್ವಲ್ಪ ತಣಿಯುತ್ತದೆ. ಸೀಟ್ ಬೆಲ್ಟ್ ಬಿಚ್ಚಿ, ಗಾಜು ಇಳಿಸಿ, ನಿಧಾನಕ್ಕೆ ಹೆಚ್ಚು ಎಳೆತ ಕೊಡುವ ಲೋ ರೇಂಜ್, ಮೊದಲ ಅಥವಾ ಎರಡನೇ ಗೇರ್, ನಡಿಗೆಯ ವೇಗ, ನಡುವೆ ಕ್ಲಚ್ ಒತ್ತಬೇಡಿ. ಎಂಜಿನ್ ನಿಂತರೆ ಸೆಲ್ಫ್ ಹೊಡೆಯಲೇಬೇಡಿ, ಎಳೆಸಿಕೊಂಡು ಹೊರಬನ್ನಿ. ಆಚೆ ಹೋದ ಮೇಲೆ ಬ್ರೇಕ್ ಒತ್ತಿ ಒತ್ತಿ ಒಣಗಿಸಿ. ಗಾಡಿಯ ವಿಮಾ ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇದೆಯಾ ಅಂತಲೂ ನೋಡಿ, ಸಾಮಾನ್ಯ ಪಾಲಿಸಿಯಲ್ಲಿ ನೀರು ನುಗ್ಗಿ ಕೆಟ್ಟ ಎಂಜಿನ್ನಿಗೆ ದುಡ್ಡು ಸಿಗುವುದು ಕಷ್ಟ.

ಮುಂಬೈ, ಪುಣೆ ಬೀದಿ ನೀರಿಗೆ ಈ ಮೂರರಲ್ಲಿ ಯಾವುದನ್ನೂ ನಂಬಬೇಡಿ. ಖಡಕ್‌ವಾಸ್ಲಾದಿಂದ ಅಣೆಕಟ್ಟಿನ ನೀರು ಬಿಟ್ಟಾಗ ಪುಣೆಯ ಭಿಡೆ ಸೇತುವೆ ಮುಚ್ಚುತ್ತಾರೆ, ಬೇರೆ ದಾರಿ ಹಿಡಿಯಿರಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದಾಗ ಮುಂಬೈನಲ್ಲಿ ಕಾರಿನೊಳಗೇ ಸಿಕ್ಕಿಬಿದ್ದು ಸತ್ತವರಿದ್ದಾರೆ. ನಿಂತ ನೀರಿನ ಕೆಳಗೆ ತೆರೆದ ಮ್ಯಾನ್‌ಹೋಲ್ ಇದೆಯೋ ಇಲ್ಲವೋ ಕೊಳವೆಗೆ ಏನು ಗೊತ್ತು.

ನಾನು ತಾಮ್ಹಿಣಿ, ಮುಳಶಿ, ವರ್ಷಕ್ಕೊಮ್ಮೆ ಚೋರ್ಲಾ ಘಾಟಿನಲ್ಲಿ ಗೋವಾ, ಇಷ್ಟೇ ಓಡಾಡುವವನು. ಬಂಪರ್ ಮೇಲಿನ ನೀರಿಗೆ ಇಳಿಯುವುದಿಲ್ಲ. ನನಗೆ ಪೈಪು, ಡಿಕ್ಕಿಯಲ್ಲಿ ಒಂದು ಟಾರ್ಪಾಲ್ ಸಾಕು. ಸ್ನಾರ್ಕಲ್‌ನ 12,000 ನನ್ನ ಕೈಗೆ ಕೊಟ್ಟರೆ ಸಿಕ್ಕಿಬಿದ್ದ ಗಾಡಿ ಎಳೆಯಲು ಒಳ್ಳೆಯ ರಿಕವರಿ ಸ್ಟ್ರ್ಯಾಪ್ (ಪಟ್ಟಿ), ಅದನ್ನು ಸಿಕ್ಕಿಸಲು ಎರಡು ಶ್ಯಾಕಲ್ ತಗೊಂಡು, ಉಳಿದದ್ದರಲ್ಲಿ ಮಳೆಗಾಲ ಮುಗಿದ ಮೇಲೆ ಎರಡು ಡಿಫರೆನ್ಷಿಯಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಈ ನಾಲ್ಕೂ ಕಡೆಯ ಎಣ್ಣೆ ಬದಲಾಯಿಸುತ್ತೇನೆ.